ಬಿಸಿಲುನಾಡಿನ ಕ್ಯಾಮೆರಾ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಗುಡ್ಡ, ಹೊಳೆ, ಎರೆಹೊಲ ಸುತ್ತುವ ಹುಚ್ಚು ಹತ್ತಿ, ಅದರ ಬೆನ್ನಿಗೇ ಕ್ಯಾಮೆರಾ ಹಿಡಿದವರ ಪತ್ರಗಳು ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳಿಂದ ಈ ಸಲ ಸಾಕಷ್ಟು ಬಂದಿವೆ. ಮಲೆನಾಡಿನವರಿಗೆ ಬರೆದ ಸಲಹೆಗಳು ಇಲ್ಲಿಗೆ ಅಷ್ಟಾಗಿ ಒಗ್ಗುವುದಿಲ್ಲ. ಇಲ್ಲಿ ಮರದ ಮರೆ ಕಡಿಮೆ, ಪ್ರಾಣಿ ದೂರ, ಬಿಸಿಲು ವಿಪರೀತ. ಅದನ್ನು ಲೆಕ್ಕಕ್ಕೆ ಹಿಡಿದೇ ಉತ್ತರಿಸಿದ್ದೇವೆ.

ಪ್ರಶ್ನೆ: ಭಾನುವಾರ ಬಂತೆಂದರೆ ಆನೆಗೊಂದಿ, ಸಣಾಪುರದ ಕಡೆ ಗುಡ್ಡ ಹತ್ತುವುದು ರೂಢಿ. ಕಂಡ ಹಕ್ಕಿಗಳ ಫೋಟೋ ತೆಗೆಯುವ ಆಸೆ ಈಗ ಹುಟ್ಟಿದೆ. ಮೊದಲು ಏನು ಕೊಳ್ಳಲಿ? ಎಷ್ಟು ಮಿಲಿಮೀಟರಿನ ಲೆನ್ಸ್ ಬೇಕು?
— ಶಿಕ್ಷಕಿ, ಗಂಗಾವತಿ

ಉತ್ತರ: ಮೊದಲು ದುರ್ಬೀನು ಕೊಳ್ಳಿ, ಆಮೇಲೆ ಕ್ಯಾಮೆರಾ. 8×42 ಅಳತೆಯದು ಸಾಕು. 8 ಎಂದರೆ ಎಂಟು ಪಟ್ಟು ಹತ್ತಿರ ತೋರಿಸುತ್ತದೆ, 42 ಎಂದರೆ ಮುಂದಿನ ಗಾಜಿನ ಅಗಲ 42 ಮಿ.ಮೀ. ಹತ್ತು-ಹನ್ನೆರಡು ಪಟ್ಟಿನದು ಕೈಯಲ್ಲಿ ನಡುಗುತ್ತದೆ. ಜತೆಗೆ ಒಂದು ಕಿರು ಪುಸ್ತಕ ಇರಲಿ. ಯಾವ ಹಕ್ಕಿ, ಯಾವ ಬಂಡೆ, ಎಷ್ಟು ಗಂಟೆ, ಬಿಸಿಲು ಯಾವ ಕಡೆಯಿಂದ, ಎಷ್ಟು ಹೆಜ್ಜೆ ದೂರದಲ್ಲಿ ಹಾರಿಹೋಯಿತು ಎಂಬುದನ್ನು ಬರೆದಿಡಿ. ನಿಮ್ಮ ಗುಡ್ಡಗಳಲ್ಲಿ ಹಳದಿ ಕೊರಳಿನ ಪಿಕಳಾರವಿದೆ. ದಕ್ಷಿಣ ಭಾರತದ ಕಲ್ಲುಗುಡ್ಡಗಳನ್ನು ಬಿಟ್ಟು ಜಗತ್ತಿನ ಬೇರೆಲ್ಲೂ ಇಲ್ಲದ ಹಕ್ಕಿ ಅದು. ಬೆನ್ನಟ್ಟಿದರೆ ಪೊದೆ ಸೇರಿಬಿಡುತ್ತದೆ. ಬಂಡೆ ಸಂದಿಯ ಆಲ, ಬಸರಿ ಜಾತಿಯ ಮರ ಹಣ್ಣು ಬಿಟ್ಟಿದ್ದು ನಿಮ್ಮ ಪುಸ್ತಕದಲ್ಲಿದ್ದರೆ, ಆ ಮರದೆದುರು ಬೆಳಗಾಗುವ ಮುಂಚೆ ಹೋಗಿ ಕೂತರೆ ಸಾಕು, ಅದೇ ಬರುತ್ತದೆ. ಇಷ್ಟು ವರ್ಷ ಗುಡ್ಡ ಹತ್ತಿದ ಅನುಭವ ಕೆಲಸಕ್ಕೆ ಬರುವುದು ಇಲ್ಲಿಯೇ. ದುಬಾರಿ ಲೆನ್ಸ್ ಇದ್ದೂ ಊರ ಗುರುತಿಲ್ಲದವರಿಗೆ ಈ ಚಿತ್ರ ಸಿಗುವುದಿಲ್ಲ.

ಲೆನ್ಸಿನ ಲೆಕ್ಕ ಸುಲಭ. ಸಾಮಾನ್ಯ ಎಪಿಎಸ್-ಸಿ ಕ್ಯಾಮೆರಾದ ಸೆನ್ಸರ್ (ಚಿತ್ರ ಮೂಡುವ ಫಲಕ) ಸುಮಾರು 23.5 ಮಿ.ಮೀ. ಅಗಲ, 15.6 ಮಿ.ಮೀ. ಎತ್ತರ. 300 ಮಿ.ಮೀ. ಲೆನ್ಸಿನಲ್ಲಿ 20 ಮೀಟರ್ ದೂರಕ್ಕೆ ಚೌಕಟ್ಟಿನೊಳಗೆ ಹಿಡಿಯುವ ಎತ್ತರ ಸುಮಾರು 1 ಮೀಟರ್. ಪಿಕಳಾರ 20 ಸೆಂ.ಮೀ. ಉದ್ದದ ಹಕ್ಕಿ, ಅಂದರೆ ಚೌಕಟ್ಟಿನ ಐದನೇ ಒಂದು ಪಾಲು. 10 ಮೀಟರಿಗೆ ಬಂದರೆ ಐದರಲ್ಲಿ ಎರಡು ಪಾಲು. 600 ಮಿ.ಮೀ. ಲೆನ್ಸ್ ಕೊಂಡು 20 ಮೀಟರಿನಲ್ಲಿ ನಿಂತರೂ ಇಷ್ಟೇ ದೊಡ್ಡದಾಗಿ ಕಾಣುವುದು. ಹತ್ತು ಮೀಟರ್ ಹತ್ತಿರವಾಗುವುದನ್ನು ಕಲಿತರೆ ಉಳಿಯುವ ಹಣ ಕಡಿಮೆಯೇನಲ್ಲ. ಹಾಗಾಗಿ 55-250 ಅಥವಾ 70-300 ಲೆನ್ಸ್ ಇರುವ ಹಳೆಯ ಕ್ಯಾಮೆರಾ ನಿಮಗೆ ತಕ್ಕದ್ದು.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಲೆನ್ಸನ್ನು ಬಿಚ್ಚಿ, ಒಂದು ತುದಿಯಿಂದ ಟಾರ್ಚ್ ಬಿಟ್ಟು ಇನ್ನೊಂದು ತುದಿಯಿಂದ ಓರೆಯಾಗಿ ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಸ್ಟು, ಬೇಡ. ಒಂದೆರಡು ಧೂಳಿನ ಕಣ ಇದ್ದರೆ ಚಿತ್ರಕ್ಕೆ ತೊಂದರೆಯಿಲ್ಲ. ಜೂಮನ್ನು ಕೊನೆಯವರೆಗೆ ಎಳೆದು, ದೂರದ ಅಂಗಡಿ ಬೋರ್ಡಿಗೆ ಆಟೊ ಫೋಕಸ್ ಮಾಡಿ ಹತ್ತು ಚಿತ್ರ ತೆಗೆದು ಅಕ್ಷರಗಳನ್ನು ದೊಡ್ಡದು ಮಾಡಿ ನೋಡಿ. ಕೂತ ಹಕ್ಕಿಗೆ ಶಟರ್ (ಬೆಳಕು ಒಳಬಿಡುವ ಬಾಗಿಲು) 1/500 ಸೆಕೆಂಡಿಗಿಂತ ನಿಧಾನ ಬೇಡ, ಅತ್ತಿಂದಿತ್ತ ಜಿಗಿಯುವುದಕ್ಕೆ 1/1000, ಹಾರುವುದಕ್ಕೆ 1/2000. ಲೆನ್ಸಿನಲ್ಲಿರುವ ಸ್ಟೆಬಿಲೈಸೇಶನ್ ತಡೆಯುವುದು ನಿಮ್ಮ ಕೈನಡುಕವನ್ನು ಮಾತ್ರ. ಹಕ್ಕಿ ಅಲುಗಾಡಿದರೆ ಅದಕ್ಕೆ ಶಟರ್ ವೇಗವೇ ಮದ್ದು.

ಪ್ರಶ್ನೆ: ನಮ್ಮ ಹೊಲದಾಗ ಮುಂಜಾನಿ, ಸಂಜಿ ಚಿಗರಿ ಬರ್ತಾವ್ರಿ. ಮೊಬೈಲ್‌ನ್ಯಾಗ ಫೋಟೋ ಹೊಡದ್ರ ಬರೇ ಚುಕ್ಕಿ ಕಂಡಂಗ ಕಾಣ್ತಾವ. ಹತ್ರ ಹೋದ್ರ ಓಡಿ ಹೋಗ್ತಾವ. ಏನ್ ಮಾಡಬೇಕ್ರಿ?
— ರೈತರು, ಯಲಬುರ್ಗಾ ತಾಲ್ಲೂಕು

ಉತ್ತರ: ಮೊಬೈಲಿನ ಮುಖ್ಯ ಲೆನ್ಸ್ 100 ಮೀಟರ್ ದೂರದಲ್ಲಿ ಹೆಚ್ಚುಕಡಿಮೆ 150 ಮೀಟರ್ ಅಗಲದ ಹೊಲವನ್ನು ಹಿಡಿಯುತ್ತದೆ. ಅದರೊಳಗೆ ಒಂದೂಕಾಲು ಮೀಟರ್ ಉದ್ದದ ಚಿಗರಿ ಚುಕ್ಕಿಯಾಗದೆ ಮತ್ತೇನಾದೀತು? ಬೆರಳಿನಲ್ಲಿ ಎಳೆದು ಜೂಮ್ ಮಾಡಿದರೆ ಫೋನು ಆ ಚುಕ್ಕಿಯನ್ನೇ ಕತ್ತರಿಸಿ ಹಿಗ್ಗಿಸುತ್ತದೆ, ವಿವರ ಹೆಚ್ಚುವುದಿಲ್ಲ.

ಎರಡು ದಾರಿಗಳಿವೆ. ಮೊದಲನೆಯದು ದುರ್ಬೀನು. ಅದರ ಕಣ್ಣಿನ ರಬ್ಬರ್ ಬಟ್ಟಲನ್ನು ಒಳಕ್ಕೆ ತಿರುಗಿಸಿ ತಗ್ಗಿಸಿ. ಫೋನಿನ ಮುಖ್ಯ ಲೆನ್ಸನ್ನು, ಮೂರ್ನಾಲ್ಕು ಲೆನ್ಸ್ ಇದ್ದರೆ ಯಾವುದು ಮುಖ್ಯ ಎಂದು ಒಂದೊಂದನ್ನೇ ಬೆರಳಿನಿಂದ ಮುಚ್ಚಿ ಕಂಡುಕೊಂಡು, ದುರ್ಬೀನಿನ ಕಣ್ಣಿನ ಕಡೆಯ ಗಾಜಿನ ನಡುವಿಗೆ ಸರಿಯಾಗಿ ಹಿಡಿಯಿರಿ. ಸುತ್ತ ಕಪ್ಪು ಉಂಗುರ ಕಂಡರೆ 1.5ರಿಂದ 2 ಪಟ್ಟು ಜೂಮ್ ಮಾಡಿದರೆ ಹೋಗುತ್ತದೆ. ದುರ್ಬೀನನ್ನು ಬದುವಿನ ಮೇಲೆ ಅರ್ಧ ತುಂಬಿದ ಮರಳಿನ ಚೀಲದ ಮೇಲಿಟ್ಟು, 3 ಸೆಕೆಂಡಿನ ಟೈಮರ್ ಹಾಕಿ. ಪರದೆ ಮುಟ್ಟಿದ ಅಲುಗಾಟ ಆ ಮೂರು ಸೆಕೆಂಡಿನಲ್ಲಿ ನಿಲ್ಲುತ್ತದೆ.

ಎರಡನೆಯದು, ಹತ್ತಿರವಾಗುವುದು. ಚಿಗರಿ ಮುಖ್ಯವಾಗಿ ಕಣ್ಣನ್ನು ನಂಬುವ ಪ್ರಾಣಿ. ಬಯಲಲ್ಲಿ ನೆಟ್ಟಗೆ ನಡೆದು ಬರುವ ಮನುಷ್ಯನ ಆಕಾರ ಕಂಡರೆ ಓಡುತ್ತದೆ; ದಿನವೂ ಕಾಣುವ ಎತ್ತಿನ ಬಂಡಿಗೆ, ಟ್ರ್ಯಾಕ್ಟರಿಗೆ ಅಷ್ಟು ಬೆದರುವುದಿಲ್ಲ. ಕೆಲಸ ಮುಗಿಸಿ ಟ್ರ್ಯಾಕ್ಟರ್ ನಿಲ್ಲಿಸಿ ಅದರ ಮೇಲೇ ಅರ್ಧ ಗಂಟೆ ಕೂತು ನೋಡಿ. ಇಲ್ಲವೇ ಅವು ಬರುವ ಮೊದಲೇ ಜಾಲಿಯ ಬುಡಕ್ಕೆ ಬೆನ್ನು ಕೊಟ್ಟು ನೆಲಕ್ಕೆ ಕೂಡಿ. ಬಂದ ಮೇಲೆ ಹೋಗಿ ಕೂಡುವುದು ಪ್ರಯೋಜನವಿಲ್ಲ. ಬೈಕಿನಲ್ಲಿ ಅಟ್ಟಿಸಿಕೊಂಡು ಹೋಗಬೇಡಿ. ಚಿಗರಿ, ಅಂದರೆ ಕೃಷ್ಣಮೃಗ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಪ್ರಾಣಿ, ಅಟ್ಟಿದರೂ ಕೇಸಾಗುತ್ತದೆ.

ನಮ್ಮನ್ನು ಕೇಳಿದರೆ ಫೋನಿಗೆ ತಕ್ಕದ್ದು ಮುಖದ ಚಿತ್ರವಲ್ಲ. ಬೆಳಗಿನ ಕೆಂಪು ಆಕಾಶದೆದುರು ದಿಬ್ಬದ ಮೇಲೆ ಸಾಲಾಗಿ ನಿಂತ ಹಿಂಡು, ಕೆಳಗೆ ನಿಮ್ಮ ಕಡಲೆ ಹೊಲ. ಆಕಾಶದ ಹೊಳಪಿನ ಮೇಲೆ ಬೆರಳಿಟ್ಟು ಬೆಳಕನ್ನು ತಗ್ಗಿಸಿದರೆ ಕೊಂಬಿನ ತಿರುವು ಕಪ್ಪಗೆ ಖಚಿತವಾಗಿ ಮೂಡುತ್ತದೆ. ಪೇಟೆಯಿಂದ ಬಂದ ಫೋಟೋಗ್ರಾಫರನಿಗೆ ಆ ದಿಬ್ಬ ಯಾವುದೆಂದೇ ಗೊತ್ತಿರುವುದಿಲ್ಲ.

ಪ್ರಶ್ನೆ: 150-600 ಲೆನ್ಸ್ ಕೊಂಡಿದ್ದೇನೆ. ಬೆಳಗ್ಗೆ 7ಕ್ಕೆ ತೆಗೆದದ್ದು ಚೆನ್ನಾಗಿರುತ್ತದೆ, 11ಕ್ಕೆ ತೆಗೆದದ್ದೆಲ್ಲ ಮಸುಕು. ಟ್ರೈಪಾಡ್ ಇಟ್ಟರೂ ಅಷ್ಟೇ. ಲೆನ್ಸಿನಲ್ಲಿ ದೋಷವಿಲ್ಲ ಎಂದು ರಿಪೇರಿಯವರು ಹೇಳುತ್ತಾರೆ. ನಂಬಲೇ?
— ಬ್ಯಾಂಕ್ ಉದ್ಯೋಗಿ, ರಾಯಚೂರು

ಉತ್ತರ: ನಂಬಿ. ದೋಷ ಗಾಳಿಯದು. ಎರೆಮಣ್ಣು ಬಿಸಿಲನ್ನು ಹೀರಿ ಕಾದು, ಅದಕ್ಕೆ ತಾಗಿದ ಗಾಳಿಯೂ ಕಾಯುತ್ತದೆ. ಕಾದ ಗಾಳಿ ತೆಳು, ತಂಪು ಗಾಳಿ ಸಾಂದ್ರ. ಎರಡೂ ಉಂಡೆ ಉಂಡೆಯಾಗಿ ಬೆರೆಯುತ್ತ ಏಳುವಾಗ ಅವುಗಳ ನಡುವೆ ಹಾದು ಬರುವ ಬೆಳಕು ಅಲ್ಲಲ್ಲಿ ಬಾಗುತ್ತದೆ. ಬಿಸಿಲುಗುದುರೆ ಕಾಣುವುದಕ್ಕೂ ಇದೇ ಕಾರಣ. ಬರಿಗಣ್ಣಿಗೆ ಅಷ್ಟಾಗಿ ತಿಳಿಯದ ಈ ನಡುಕವನ್ನು 600 ಮಿ.ಮೀ. ಲೆನ್ಸ್ ಹಲವು ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ.

ಅನುಮಾನವಿದ್ದರೆ ಪರೀಕ್ಷಿಸಿ. ಸುಮಾರು 100 ಮೀಟರ್ ದೂರದ ಕರೆಂಟಿನ ಕಂಬಕ್ಕೆ ಟ್ರೈಪಾಡಿನಿಂದ ಫೋಕಸ್ ಮಾಡಿ, 1/2000 ಸೆಕೆಂಡಿನಲ್ಲಿ ಬೆಳಗ್ಗೆ 7ಕ್ಕೆ ಹತ್ತು, 11ಕ್ಕೆ ಹತ್ತು ಚಿತ್ರ ತೆಗೆಯಿರಿ. ಕಂಬದ ಅಂಚು ಒಂದೊಂದು ಚಿತ್ರದಲ್ಲಿ ಒಂದೊಂದು ಥರ ಡೊಂಕಾಗಿದ್ದರೆ ಗಾಳಿ. ಎಲ್ಲದರಲ್ಲೂ ಒಂದೇ ಥರ ಮಸುಕಾಗಿದ್ದರೆ ಮಾತ್ರ ಲೆನ್ಸ್ ಅಥವಾ ಫೋಕಸ್. ಆಮೇಲೆ ನೆರಳಿನಲ್ಲಿ 10 ಮೀಟರ್ ದೂರದ ವಸ್ತುವನ್ನು ತೆಗೆಯಿರಿ. ಅದು ಹರಿತವಾಗಿ ಬಂದರೆ ಲೆನ್ಸಿನ ಮೇಲಿನ ಅನುಮಾನ ಬಿಡಿ.

ಶಟರ್ ವೇಗ ಹೆಚ್ಚಿಸಿದರೆ, ಕಂಪ್ಯೂಟರಿನಲ್ಲಿ ಶಾರ್ಪ್ ಮಾಡಿದರೆ ಇದು ಹೋಗುವುದಿಲ್ಲ. ದೂರ ಕಡಿಮೆ ಮಾಡುವುದೊಂದೇ ಗಟ್ಟಿ ಉಪಾಯ: 30 ಮೀಟರಿನಲ್ಲಿ ಕಾಣದ ನಡುಕ 150 ಮೀಟರಿನಲ್ಲಿ ಚಿತ್ರವನ್ನೇ ತಿಂದುಹಾಕುತ್ತದೆ. ಬೇಸಿಗೆಯಲ್ಲಿ ದೂರದ ಚಿತ್ರಗಳನ್ನು 9ರೊಳಗೆ ಮುಗಿಸಿ, ಮತ್ತೆ ಸೂರ್ಯ ಮುಳುಗುವ ಮುಂಚಿನ ಒಂದು ಗಂಟೆಗೆ ಹೊರಡಿ. ಮೋಡವಿದ್ದ ದಿನ, ಮಳೆ ಬಂದ ಮರುದಿನ, ನೀರು ಕಟ್ಟಿದ ಭತ್ತದ ಗದ್ದೆಯ ಮೇಲೆ ಕಾಟ ಕಡಿಮೆ. ತುಂಗಭದ್ರೆಯ ಹಿನ್ನೀರಿಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತು ನೋಡಲು ಹೋಗುವವರು ಒಂದು ತಿಳಿದಿರಬೇಕು. ನಸುಕಿನಲ್ಲಿ ನೀರು ಬೆಚ್ಚಗೆ, ಗಾಳಿ ತಣ್ಣಗೆ ಇದ್ದರೆ ನೀರಿನ ಮೇಲೂ ಇದೇ ನಡುಕ ಇರುತ್ತದೆ. ನೆಲಕ್ಕೆ ಮಲಗಿ ತೆಗೆದ ಚಿತ್ರದ ಹಿನ್ನೆಲೆ ಚೆಂದ, ನಿಜ. ಆದರೆ ನೆಲದಿಂದ ಒಂದೆರಡು ಅಡಿಯೊಳಗಿನ ಗಾಳಿಯೇ ಎಲ್ಲಕ್ಕಿಂತ ಕೆಟ್ಟದ್ದು. ಹೊತ್ತೇರಿದ ಮೇಲೆ ಎದ್ದು ನಿಲ್ಲಿ.

ಇನ್ನೊಂದು ಕಾರಣ ಅನೇಕರಿಗೆ ಹೊಳೆಯುವುದಿಲ್ಲ: ಕಾರು. ಎಸಿ ಹಾಕಿ, ಕಿಟಕಿ ಇಳಿಸಿ, ಕೂಡಲೇ ಫೋಟೋ ತೆಗೆದರೆ ಒಳಗಿನ ತಂಪು, ಹೊರಗಿನ ಬಿಸಿ ನಿಮ್ಮ ಲೆನ್ಸಿನ ಬಾಯಲ್ಲೇ ಬೆರೆಯುತ್ತವೆ. ಎಸಿ ಆರಿಸಿ, ಎಲ್ಲ ಕಿಟಕಿ ಇಳಿಸಿ, ಇಪ್ಪತ್ತು ನಿಮಿಷ ಬಿಡಿ. ಎಂಜಿನ್ ಕಾದಿರುವಾಗ ಬಾನೆಟ್ಟಿನ ಮೇಲಿಂದ ತೆಗೆಯಬೇಡಿ. ಲೆನ್ಸಿನ ಮುಂದೆ ಸಿಕ್ಕಿಸುವ ಉದ್ದನೆಯ ಹುಡ್ ಕೂಡ ಬಿಸಿಗಾಳಿಯನ್ನು ಹಿಡಿದಿಡುತ್ತದೆ. ಸೂರ್ಯ ಬೆನ್ನ ಹಿಂದಿದ್ದರೆ ಅದನ್ನು ತೆಗೆದಿಡಿ. ಎಷ್ಟು ಮಾಡಿದರೂ ನಡುಕ ಉಳಿದರೆ ಒಂದೇ ಸಲ 15-20 ಚಿತ್ರ ಹೊಡೆಯಿರಿ, ಗಾಳಿ ಗಳಿಗೆ ಸುಮ್ಮನಾದಾಗ ಸಿಕ್ಕ ಒಂದೆರಡು ನಿಲ್ಲುತ್ತವೆ. ಬಹುತೇಕ ಕ್ಯಾಮೆರಾಗಳ ಕೈಪಿಡಿಯಲ್ಲಿ 40 ಡಿಗ್ರಿವರೆಗೆ ಎಂದು ಬರೆದಿರುತ್ತದೆ. ರಾಯಚೂರಿನ ಏಪ್ರಿಲ್, ಮೇ ತಿಂಗಳು ಅದನ್ನು ಆಗಾಗ ದಾಟುತ್ತವೆ. ಬಿಳಿ ಟವೆಲ್ ಹೊದಿಸಿ, ಕಾರಿನ ಡಿಕ್ಕಿಯಲ್ಲಂತೂ ಬಿಡಬೇಡಿ.

ಪ್ರಶ್ನೆ: ದರೋಜಿ ಕರಡಿಧಾಮದ ವೀಕ್ಷಣಾ ಗೋಪುರದಿಂದ ತೆಗೆದರೆ ಕರಡಿ ಕಪ್ಪು ಮುದ್ದೆಯಾಗುತ್ತದೆ, ಕರಡಿಗೆ ಬೆಳಕು ಸರಿಮಾಡಿದರೆ ಬಂಡೆ ಸುಣ್ಣ ಬಳಿದಂತಾಗುತ್ತದೆ. ಇನ್ನೊಂದು, ಬೆಲ್ಲ ನೆಕ್ಕುವ ಕರಡಿಯ ಚಿತ್ರವನ್ನು ಸ್ಪರ್ಧೆಗೆ ಕಳಿಸಬಹುದೇ?
— ಬಳ್ಳಾರಿಯ ಓದುಗ

ಉತ್ತರ: ಕ್ಯಾಮೆರಾದ ಬೆಳಕು ಅಳೆಯುವ ಮೀಟರು ಎದುರಿಗಿರುವುದನ್ನೆಲ್ಲ ನಡುವಣ ಬೂದು ಬಣ್ಣ ಎಂದುಕೊಂಡು ಲೆಕ್ಕ ಹಾಕುತ್ತದೆ. ಚೌಕಟ್ಟಿನ ತುಂಬ ಬಿಸಿಲು ಬಿದ್ದ ಬಂಡೆಯಿದ್ದು ಕರಡಿ ಚಿಕ್ಕದಾಗಿದ್ದರೆ ಬೆಳಕನ್ನು ತಗ್ಗಿಸುತ್ತದೆ, ಆಗ ಕರಡಿ ಮುದ್ದೆ. ಕರಡಿಯೇ ಚೌಕಟ್ಟು ತುಂಬಿದ್ದರೆ ಆ ಕಪ್ಪನ್ನು ಬೂದು ಮಾಡಲು ಬೆಳಕು ಹೆಚ್ಚಿಸುತ್ತದೆ, ಆಗ ಬಂಡೆ ಸುಣ್ಣ. ಎರಡಕ್ಕೂ ಒಂದೇ ಅಂಕಿ ಹೊಂದುವುದಿಲ್ಲ.

ರಾ ಫೈಲಿನಲ್ಲೇ (ಕ್ಯಾಮೆರಾ ತಿದ್ದದ ಮೂಲ ಚಿತ್ರ) ತೆಗೆಯಿರಿ. ಕರಡಿ ಚಿಕ್ಕದಿರುವಾಗ ಬಂಡೆಯ ಅತಿ ಬಿಳಿ ಭಾಗ ಪರದೆಯಲ್ಲಿ ಅತಿಬೆಳಕಿನ ಎಚ್ಚರಿಕೆಯಾಗಿ ಮಿಣುಕುವ ತುಸು ಮುಂಚಿನವರೆಗೆ ಬೆಳಕು ಏರಿಸಿ ಅಲ್ಲಿಗೆ ನಿಲ್ಲಿಸಿ. ಕರಡಿಯ ಮೈಯನ್ನು ಆಮೇಲೆ ಕಂಪ್ಯೂಟರಿನಲ್ಲಿ 1ರಿಂದ 1.5 ಸ್ಟಾಪ್ (ಒಂದು ಸ್ಟಾಪ್ ಎಂದರೆ ಎರಡು ಪಟ್ಟು ಬೆಳಕು) ಎತ್ತಬಹುದು. ಸುಟ್ಟುಹೋದ ಬಂಡೆಯನ್ನು ಮಾತ್ರ ಯಾರೂ ಮರಳಿ ತರಲಾರರು. ಕರಡಿ ಚೌಕಟ್ಟು ತುಂಬಿದಾಗ ಕಾಂಪನ್ಸೇಶನ್ (ಮೀಟರಿನ ಲೆಕ್ಕ ತಿದ್ದುವ ಅಂಕಿ) −0.7ರಿಂದ −1. ಇಷ್ಟೆಲ್ಲ ಒದ್ದಾಟ ಬಿಸಿಲು ಇರುವತನಕ. ಗುಡ್ಡದ ನೆರಳು ಬಂಡೆಯನ್ನು ಮುಚ್ಚಿದ ಮೇಲಿನ ಹೊತ್ತೇ ಕಪ್ಪು ಕೂದಲಿನ ಎಳೆ ಎಳೆ ಕಾಣುವ ಹೊತ್ತು. ಆಗ 1/125ರಿಂದ 1/250, ಐಎಸ್‌ಒ 3200ರಿಂದ 6400 (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) ಎಂದು ಧೈರ್ಯವಾಗಿ ಹಾಕಿ. ಒಂದೂವರೆ ಕಿಲೋ ಅಕ್ಕಿ ತುಂಬಿದ ಬಟ್ಟೆಚೀಲ ಕಟ್ಟೆಯ ಮೇಲಿಟ್ಟು ಅದರ ಮೇಲೆ ಲೆನ್ಸ್ ಊರಿದರೆ ಟ್ರೈಪಾಡಿಗಿಂತ ಅನುಕೂಲ, ಪಕ್ಕದವರಿಗೂ ಜಾಗ ಉಳಿಯುತ್ತದೆ. ಗೋಪುರದಿಂದ ಬಂಡೆ ದೂರ, 400 ಮಿ.ಮೀ.ಗಿಂತ ಕಡಿಮೆಯಲ್ಲಿ ಹೋದರೆ ಕರಡಿಗಿಂತ ಗುಡ್ಡವನ್ನೇ ತೆಗೆಯುವ ಯೋಚನೆ ಮಾಡಿ. ಕಪ್ಪು ಮೈಮೇಲೆ ಆಟೊ ಫೋಕಸ್ ಹಿಡಿತ ಸಿಗದೆ ಅಲೆದಾಡುತ್ತದೆ. ಬಿಳಿಚಿದ ಮೂತಿಯ ಅಂಚಿಗೋ ಎದೆಯ ಮೇಲಿನ ಬಿಳಿ ಪಟ್ಟೆಗೋ ಗುರಿ ಇಡಿ.

ಸ್ಪರ್ಧೆಯ ಮಾತು. 1994ರಲ್ಲಿ ಘೋಷಣೆಯಾದ ಈ ಧಾಮದಲ್ಲಿ ಸಿಬ್ಬಂದಿ ಮಧ್ಯಾಹ್ನ ಬಂಡೆಗೆ ಬೆಲ್ಲದ ಪಾಕ ಸವರುವುದು ಎಲ್ಲರಿಗೂ ತಿಳಿದದ್ದೇ. ಆಮಿಷಕ್ಕೆ ಬಂದ ಪ್ರಾಣಿಯ ಚಿತ್ರವನ್ನು ಹಲವು ಸ್ಪರ್ಧೆಗಳು ಒಪ್ಪುವುದಿಲ್ಲ, ಒಪ್ಪುವವರೂ ತಿಳಿಸಿ ಎನ್ನುತ್ತಾರೆ. ನಿಯಮ ಓದಿ, ಅಡಿಬರಹದಲ್ಲಿ ‘ಬೆಲ್ಲಕ್ಕೆ ಬಂದದ್ದು’ ಎಂದು ನೇರವಾಗಿ ಬರೆಯಿರಿ. ಕರಡಿಯ ನಿಜವಾದ ಊಟ ಗೆದ್ದಲು, ಹಣ್ಣು, ಜೇನು. ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲು ಇಲ್ಲದಿರುವುದರಿಂದಲೇ ಅದು ಗೆದ್ದಲನ್ನು ಹೀರಿ ಎಳೆಯಬಲ್ಲದು. ನೆಕ್ಕುವ ನಾಲಿಗೆಯ ಚಿತ್ರ ಅಲ್ಲಿಗೆ ಬಂದವರೆಲ್ಲರ ಬಳಿಯೂ ಇರುತ್ತದೆ. ಬೆಲ್ಲ ಮುಟ್ಟುವ ಮೊದಲು ಬಂಡೆಗಳ ನಡುವಿನಿಂದ ಇಳಿದು ಬರುವ ಕರಡಿ, ಬೇಸಿಗೆಯಲ್ಲಾದರೆ ಬೆನ್ನಮೇಲೆ ಮರಿ ಹೊತ್ತ ತಾಯಿ, ಇವಕ್ಕೆ ಕಾದರೆ ನೋಡುವಂಥ ಚಿತ್ರ ಸಿಗುತ್ತದೆ.

ಪ್ರಶ್ನೆ: ಕಾಲುವೆ ಕೆಳಗಿನ ಭತ್ತದ ಗದ್ದೆಯಲ್ಲಿ ಬೆಳ್ಳಕ್ಕಿ ತೆಗೆದರೆ ರೆಕ್ಕೆಯ ಗೆರೆಗಳೇ ಕಾಣುವುದಿಲ್ಲ, ಬರೀ ಬಿಳಿ.
— ಸಿಂಧನೂರು

ಉತ್ತರ: ಮೇಲಿನ ಕರಡಿಯ ಲೆಕ್ಕವನ್ನು ತಿರುಗಿಸಿ ಹಾಕಿ. ಕಡು ಹಸಿರಿನ ನಡುವೆ ಒಂಟಿ ಬೆಳ್ಳಕ್ಕಿಗೆ −1ರಿಂದ −1.3, ಹಿಂಡೇ ಚೌಕಟ್ಟು ತುಂಬಿದರೆ +0.7. ಪ್ರತಿ ಸಲ ಬದಲಿಸುವುದು ಬೇಸರವಾದರೆ, ಅಂಕಿಗಳನ್ನೆಲ್ಲ ನೀವೇ ಇಡುವ ಮ್ಯಾನ್ಯುವಲ್‌ಗೆ ಬನ್ನಿ. ಬೆಳಗಿನ 8ರ ಹೊತ್ತಿನ ನಿಚ್ಚಳ ಬಿಸಿಲಿಗೆ ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿ) ಎಫ್/8, 1/1600, ಐಎಸ್‌ಒ 400ರಿಂದ ಶುರುಮಾಡಿ, ಬಿಳಿ ಮಿಣುಕಿದರೆ ಶಟರನ್ನು ಒಂದು ಮೆಟ್ಟಿಲು ಏರಿಸಿ. ಹಿನ್ನೆಲೆ ಬದಲಾದರೂ ಹಕ್ಕಿಯ ಮೇಲಿನ ಬಿಸಿಲು ಬದಲಾಗಿರುವುದಿಲ್ಲವಲ್ಲ.

ಪ್ರಶ್ನೆ: ಸಂಡೂರಿನ ಗುಡ್ಡಗಳಲ್ಲಿ ಓಡಾಡಿ ಕ್ಯಾಮೆರಾ ಪೂರ್ತಿ ಕೆಂಪು ಧೂಳು. ಆಕಾಶದ ಚಿತ್ರಗಳಲ್ಲಿ ಬೂದು ಮಚ್ಚೆಗಳು ಬೀಳುತ್ತಿವೆ.
— ಸಂಡೂರು

ಉತ್ತರ: ಅದು ಸಾದಾ ಮಣ್ಣಲ್ಲ, ಅದಿರಿನ ಪುಡಿ ಸೇರಿದ ಧೂಳು. ಗಟ್ಟಿ ಕಣ. ಅಂಗಿಯ ತುದಿಯಿಂದ ಒಂದು ಸಲ ಒರೆಸಿದರೂ ಗಾಜಿನ ಲೇಪಕ್ಕೆ ಗೀರು ಬೀಳುತ್ತದೆ. ಮೊದಲು ಲೆನ್ಸನ್ನು ಕೆಳಮುಖ ಹಿಡಿದು ರಬ್ಬರ್ ಬ್ಲೋವರಿನಿಂದ ಊದಿ. ಬಾಯಿಂದ ಊದಿದರೆ ಉಗುಳು ಸಿಡಿಯುತ್ತದೆ. ಆಮೇಲೆ ಮೆತ್ತನೆಯ ಬ್ರಷ್. ಕೊನೆಗೆ, ಕಲೆ ಉಳಿದಿದ್ದರೆ ಮಾತ್ರ, ಮೈಕ್ರೋಫೈಬರ್ ಬಟ್ಟೆಗೆ ಒಂದೆರಡು ಹನಿ ಲೆನ್ಸ್ ದ್ರಾವಣ ಹಾಕಿ ನಡುವಿನಿಂದ ಅಂಚಿಗೆ ಸುತ್ತುತ್ತ ಒರೆಸಿ. ದ್ರಾವಣವನ್ನು ಗಾಜಿನ ಮೇಲೇ ಸುರಿದರೆ ಅಂಚಿನಿಂದ ಒಳಗಿಳಿಯುತ್ತದೆ. ಸುಮ್ಮನೆ ಲೆನ್ಸಿನ ಮುಂದೆ ಯುವಿ ಫಿಲ್ಟರ್ (ಗಾಜಿನ ಹೊದಿಕೆ) ಹಾಕಿ ಎಂದು ನಾವು ಯಾರಿಗೂ ಹೇಳುವುದಿಲ್ಲ. ಸಂಡೂರಿನವರಿಗೆ ಹೇಳುತ್ತೇವೆ.

ಮಚ್ಚೆ ಇರುವುದು ಸೆನ್ಸರಿನ ಮೇಲೆ. ಎಫ್/16ರಲ್ಲಿ, ಫೋಕಸ್ ತಪ್ಪಿಸಿ, ಬರಿ ಆಕಾಶದ ಒಂದು ಚಿತ್ರ ತೆಗೆದರೆ ಎಲ್ಲೆಲ್ಲಿದೆ ಎಂದು ಕಾಣುತ್ತದೆ. ಚಿತ್ರದ ಮೇಲ್ಭಾಗದ ಮಚ್ಚೆಗೆ ಸೆನ್ಸರಿನ ಕೆಳಭಾಗದಲ್ಲಿ ಧೂಳು ಹುಡುಕಬೇಕು, ಏಕೆಂದರೆ ಅಲ್ಲಿ ಬಿಂಬ ತಲೆಕೆಳಗು. ಕ್ಯಾಮೆರಾದ ಕ್ಲೀನಿಂಗ್ ಮೋಡಿನಲ್ಲಿ, ಲೆನ್ಸ್ ತೆಗೆದ ಬಾಯನ್ನು ಕೆಳಮುಖ ಮಾಡಿ ಬ್ಲೋವರ್ ಮಾತ್ರ ಬಳಸಿ. ಡಬ್ಬಿಯ ಸ್ಪ್ರೇ ಗಾಳಿ ಬೇಡ, ಅದರ ದ್ರವ ಸಿಡಿದು ಕಲೆಯಾಗುತ್ತದೆ. ಅದಿರು ಲಾರಿ ಓಡುವ ರಸ್ತೆಯ ಬದಿಯಲ್ಲಿ ಲೆನ್ಸ್ ಬದಲಿಸಲೇಬೇಡಿ. ಬೈಕಿನಲ್ಲಾದರೆ ಮೊದಲು ಜಿಪ್ ಕವರು, ಆಮೇಲೆ ಬ್ಯಾಗು. ಮಳೆ ಹಿಡಿದ ಮೇಲೆ ಧೂಳು ಕೂತು, ಗುಡ್ಡ ಹಸಿರಾಗಿ, ನಾರಿಹಳ್ಳದ ಕಡೆ ಮೋಡ ಇಳಿಯುತ್ತದೆ. ಸಂಡೂರನ್ನು ತೆಗೆಯಬೇಕಾದ ಕಾಲ ಅದು.

ಪ್ರಶ್ನೆ: ಕೃಷ್ಣಾ ನದಿಯ ಮರಳಿನ ಮೇಲೆ ಚುಕ್ಕಿ ಚುಕ್ಕಿಯ ಮೂರು ಮೊಟ್ಟೆ ಕಂಡವು. ಹಕ್ಕಿ ಮೇಲೆ ಕೂಗುತ್ತ ಸುತ್ತುತ್ತಿತ್ತು. ಅಡಗಿ ಕೂತು ಮರಿಯಾಗುವವರೆಗೆ ತೆಗೆಯಬಹುದೇ?
— ದೇವದುರ್ಗ

ಉತ್ತರ: ಬೇಡ. ನದಿ ರೀವ, ಟಿಟ್ಟಿಭದಂಥ ಹಕ್ಕಿಗಳು ಬೇಸಿಗೆಯಲ್ಲಿ ಬರಿ ಮರಳು, ನುರುಜುಗಲ್ಲಿನ ಮೇಲೆ ಮೊಟ್ಟೆ ಇಡುತ್ತವೆ. ಆಗ ಅವು ಕೂತಿರುವುದು ಮೊಟ್ಟೆಗೆ ಕಾವು ಕೊಡಲು ಎನ್ನುವುದಕ್ಕಿಂತ ನೆರಳು ಕೊಡಲು. ಟಿಟ್ಟಿಭವಂತೂ ಹೊಟ್ಟೆಯ ಗರಿಯನ್ನು ನೀರಿನಲ್ಲಿ ತೋಯಿಸಿಕೊಂಡು ಬಂದು ಮೊಟ್ಟೆ ತಂಪು ಮಾಡುತ್ತದೆ. ನೀವು ಅಲ್ಲಿ ನಿಂತಷ್ಟು ಹೊತ್ತು ಮೊಟ್ಟೆ ಸುಡುವ ಮರಳಿನಲ್ಲಿ ಬೇಯುತ್ತಿರುತ್ತದೆ. ಕಾಗೆ ನಿಮ್ಮನ್ನು ನೋಡುತ್ತಿರುತ್ತದೆ, ನಾಯಿ ನಿಮ್ಮ ಹೆಜ್ಜೆ ಹಿಡಿದು ಬರುತ್ತದೆ. ಗೂಡು, ಮೊಟ್ಟೆಗೆ ತೊಂದರೆ ಕೊಡುವುದು ಕಾಯ್ದೆಯ ಪ್ರಕಾರ ಬೇಟೆಯ ಲೆಕ್ಕಕ್ಕೇ ಸೇರುತ್ತದೆ. ಬಂದ ದಾರಿಯಲ್ಲೇ ಹಿಂದಿರುಗಿ, ಜಾಗದ ಹೆಸರನ್ನು ಎಲ್ಲೂ ಹಾಕಬೇಡಿ. ರೀವ ಮೀನಿಗೆ ನೀರಿಗೆ ಧುಮುಕುವ ಚಿತ್ರವನ್ನು ದಡದಿಂದ 1/2500ರಲ್ಲಿ ತೆಗೆಯಿರಿ, ಯಾರಿಗೂ ನಷ್ಟವಿಲ್ಲ.

ಪ್ರಶ್ನೆ: ಹೊಳೆಯಲ್ಲಿ ನೀರುನಾಯಿ ಇವೆ ಎನ್ನುತ್ತಾರೆ, ಒಮ್ಮೆಯೂ ಕಂಡಿಲ್ಲ. ಡ್ರೋನ್ ಹಾರಿಸಿ ಹುಡುಕಬಹುದೇ?
— ಕಂಪ್ಲಿ

ಉತ್ತರ: ಇವೆ. ಮುದ್ಲಾಪುರದಿಂದ ಕಂಪ್ಲಿವರೆಗಿನ ಸುಮಾರು 34 ಕಿ.ಮೀ. ತುಂಗಭದ್ರೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಪ್ರದೇಶವೆಂದು ಘೋಷಿಸಲಾಗಿದೆ. ಅದಕ್ಕೇ ಡ್ರೋನಿನ ಮಾತು ಬಿಡಿ. ಹೊಳೆ ನಡುವಿನ ಬಂಡೆಗಳ ಮೇಲೆ ಮೀನಿನ ಪೊರೆ, ಮುಳ್ಳು ತುಂಬಿದ, ಗಬ್ಬು ನಾರುವ ಹಿಕ್ಕೆ ಹುಡುಕಿ. ಅದು ಹಸಿಯಾಗಿದ್ದರೆ ಆ ಬಂಡೆಗೆ ಅವು ಮತ್ತೆ ಬರುತ್ತವೆ. ಎದುರು ದಡದಲ್ಲಿ, ಗಾಳಿ ಅವುಗಳ ಕಡೆಯಿಂದ ನಿಮ್ಮ ಕಡೆಗೆ ಬೀಸುವಂತೆ, ಬೆಳಕು ಹರಿಯುವ ಮೊದಲೇ ಕೂಡಿ.

ಪ್ರಶ್ನೆ: ಕಿಟ್ ಲೆನ್ಸ್ 18-55 ಮಾತ್ರ ಇದೆ. ಮೃಗಶಿರಾ ಮಳೆಗೆ ನೆಲದಿಂದೇಳುವ ಕೆಂಪು ಮಖಮಲ್ಲಿನ ಹುಳವನ್ನು ದೊಡ್ಡದಾಗಿ ತೆಗೆಯುವ ಅಗ್ಗದ ದಾರಿ ಇದೆಯೇ?
— ಕಾಲೇಜು ವಿದ್ಯಾರ್ಥಿ, ಬಳ್ಳಾರಿ

ಉತ್ತರ: ಇದೆ, ರಿವರ್ಸ್ ರಿಂಗ್. ಲೆನ್ಸನ್ನು ತಿರುಗುಮುರುಗಾಗಿ ಕ್ಯಾಮೆರಾಕ್ಕೆ ಸಿಕ್ಕಿಸುವ ಬಳೆ. ಲೆನ್ಸಿನ ಮುಂದೆ ಸೊನ್ನೆಗೆ ಗೀಟೆಳೆದ ಗುರುತಿನ ಪಕ್ಕ 52, 55, 58 ಎಂದು ಏನಿದೆಯೋ ಅದೇ ಅಳತೆಯದನ್ನು ತರಿಸಿ. ಜೂಮನ್ನು 55ರ ಕಡೆಯಿಂದ ಶುರುಮಾಡಿ; 18ರ ಕಡೆ ಹೋದಂತೆ ಹುಳ ತೀರ ದೊಡ್ಡದಾಗುತ್ತದೆ, ಲೆನ್ಸ್ ಅದಕ್ಕೆ ತೀರ ಹತ್ತಿರ ಹೋಗಬೇಕಾಗುತ್ತದೆ. ತೊಂದರೆ ಒಂದಿದೆ: ಈಗಿನ ಲೆನ್ಸುಗಳಲ್ಲಿ ಅಪರ್ಚರ್ ಬದಲಿಸುವುದು ಕ್ಯಾಮೆರಾ, ತಿರುಗಿಸಿ ಹಾಕಿದ ಮೇಲೆ ಆ ಸಂಪರ್ಕ ತಪ್ಪುತ್ತದೆ. ಅದು ತಲೆನೋವು ಎನಿಸಿದರೆ ತುಸು ಹೆಚ್ಚು ಕೊಟ್ಟು, ಕ್ಯಾಮೆರಾ-ಲೆನ್ಸಿನ ನಡುವೆ ಸಿಕ್ಕಿಸುವ, ವಿದ್ಯುತ್ ಸಂಪರ್ಕವಿರುವ ಎಕ್ಸ್‌ಟೆನ್ಶನ್ ಟ್ಯೂಬ್ ಕೊಳ್ಳಿ.

ಇಷ್ಟು ಹತ್ತಿರದಲ್ಲಿ ಫೋಕಸ್ ನಿಲ್ಲುವ ಆಳ ಒಂದೆರಡು ಮಿ.ಮೀ. ಅಷ್ಟೆ. ಫೋಕಸ್ ರಿಂಗ್ ತಿರುಗಿಸುತ್ತ ಕೂಡಬೇಡಿ. ಗೋಣಿಚೀಲ ಹಾಸಿ, ಮೊಳಕೈ ಊರಿ, ಮೈಯನ್ನೇ ಹಿಂದೆ ಮುಂದೆ ತೂಗುತ್ತ ಕಣ್ಣು ಹರಿತವಾದ ಗಳಿಗೆಯಲ್ಲಿ ಒತ್ತಿ. ಟ್ಯೂಬ್ ಇದ್ದರೆ ಎಫ್/11, 1/160, ಐಎಸ್‌ಒ 200, ಫ್ಲ್ಯಾಷ್ ಮುಂದೆ ಪ್ಯಾಕಿಂಗಿನ ಬಿಳಿ ಫೋಮ್ ಹಾಳೆಯ ಎರಡು ಪದರ. ಈ ಹುಳದ ಕೆಂಪು ಎಷ್ಟು ಗಾಢವೆಂದರೆ ಉಳಿದೆಲ್ಲ ಸರಿಯಿದ್ದಾಗಲೂ ಕೆಂಪು ಚಾನೆಲ್ ಒಂದೇ ಸುಟ್ಟು, ಮಖಮಲ್ಲಿನ ಕೂದಲು ಕಾಣದೆ ಬಣ್ಣದ ಗುಳಿಗೆಯಂತೆ ಬರುತ್ತದೆ. ಆರ್‌ಜಿಬಿ ಹಿಸ್ಟೋಗ್ರಾಂ (ಕೆಂಪು, ಹಸಿರು, ನೀಲಿ ಬೆಳಕಿನ ನಕ್ಷೆ) ತೆರೆದು ಕೆಂಪು ಗೆರೆಯನ್ನು ಮಾತ್ರ ನೋಡಿ, ಬಲತುದಿಗೆ ಬಡಿದಿದ್ದರೆ ಫ್ಲ್ಯಾಷನ್ನು −0.7ಕ್ಕೆ ಇಳಿಸಿ. ಮಳೆ ನಿಂತ ಮರುದಿನ ಬೆಳಗ್ಗೆ ಬಿಸಿಲೇರುವ ಮುನ್ನ ಹೊಲದ ಬದುವಿಗೆ ಹೋಗಿ. ನೆಲ ಒಣಗಿ ಕಾದರೆ ಅವು ಮತ್ತೆ ಮಣ್ಣು ಸೇರುತ್ತವೆ. ಬಾಟಲಿಯಲ್ಲಿ ಮನೆಗೆ ಒಯ್ದು, ಫ್ರಿಜ್ಜಿನಲ್ಲಿಟ್ಟು ಮರಗಟ್ಟಿಸಿ ತೆಗೆದ ಚಿತ್ರ ನಮಗೆ ಕಳಿಸಬೇಡಿ. ಕಾಲು ಮಡಚಿಕೊಂಡ ಭಂಗಿ ನೋಡಿದ ಕೂಡಲೇ ಗೊತ್ತಾಗುತ್ತದೆ.